ಮಲ್ಲಿಗೆಗೆ ಕರುಣೆ ಬೇಡ

ಟೆರೇಸಿನ ಮಲ್ಲಿಗೆ ಗಿಡಗಳಲ್ಲಿ ಈ ವಾರ ಮೊಗ್ಗು ಕಾಣಿಸಿದೆ. ಚಿಗುರಿನ ತುದಿಗೆ ಮೂರು ಮೂರರ ಗೊಂಚಲು. ನಡುವಿನದ್ದು ಸದಾ ಒಂದು ಹೆಜ್ಜೆ ಮುಂದೆ. ಮನೆಯ ಹಿರಿಮಗನ ಗತ್ತು ಅದಕ್ಕೆ.

ಡಿಸೆಂಬರಿನಲ್ಲಿ ಇವೇ ಗಿಡಗಳಿಗೆ ಕೆಲವು ದಿನ ನೀರು ನಿಲ್ಲಿಸಿ, ಮೊಣಕಾಲೆತ್ತರಕ್ಕೆ ಕತ್ತರಿಸಿದ್ದೆ. ಕತ್ತರಿ ಓರೆಯಾಗಿ, ಗಿಣ್ಣಿಗೆ ತುಸು ಮೇಲೆ ಬೀಳಬೇಕು. ಅಷ್ಟಕ್ಕೆ ಬಿಡುವವರೇ ಹೆಚ್ಚು. ನಾನು ಬಿಡುವುದಿಲ್ಲ, ಉಳಿದ ಎಲೆಗಳನ್ನೂ ಒಂದೊಂದಾಗಿ ಕಿತ್ತು ಬೋಳು ಕಡ್ಡಿ ಮಾಡುತ್ತೇನೆ. ಎಲೆ ಉದುರಿದರೆ ಗಿಣ್ಣು ಗಿಣ್ಣಿಗೂ ಎಚ್ಚರ. ಆಮೇಲೆ ನೆಲಗಡಲೆ ಹಿಂಡಿ, ಬೇವಿನ ಹಿಂಡಿ ಕೊಳೆಸಿದ ನೀರು. ಎರಡು ದಿನ ಮನೆಯವರು ಮೂಗು ಮುಚ್ಚಿ ಓಡಾಡಬೇಕು, ಅಷ್ಟೆ.

“ಎಂತ ಮಾರಾಯ್ರೆ, ಇಷ್ಟು ಚಂದದ ಗಿಡವನ್ನು ಕೊಂದೇಬಿಟ್ರಲ್ಲ!” ಎಂದು ಆಚೆಮನೆಯವರು ಮರುಗಿದರು. ಅವರದು ದಟ್ಟ ಪೊದೆ. ಹೂವು ಮಾತ್ರ ದೇವರ ಪಟಕ್ಕೂ ಸಾಲದು. ಮಲ್ಲಿಗೆ ಬಿಡುವುದೇ ಹೊಸ ಚಿಗುರಿನಲ್ಲಿ. ಕತ್ತರಿ ತಾಗದ ಗಿಡ ಯಾಕೆ ಚಿಗುರೀತು? ಅವರೋ ಮೊಬೈಲ್ ನೋಡಿ ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆ ಸಿಪ್ಪೆ, ಕಾಫಿ ಗಷ್ಟು ಎಲ್ಲ ತಂದು ಸುರಿಯುತ್ತಾರೆ. ಗಿಡದ ಬುಡವೋ ತಿಪ್ಪೆಯೋ? ಮೊಗ್ಗು ನೇರಳೆಗೆ ತಿರುಗಿದರೆ ದೃಷ್ಟಿ ತಾಗಿತಂತೆ! ಒಳಗೆ ಹುಳ ಕೂತು ತಿನ್ನುತ್ತಿದೆ, ಕಿತ್ತು ಸುಡಿ ಎಂದರೆ “ಪಾಪ, ಮೊಗ್ಗಲ್ವಾ” ಎನ್ನುತ್ತಾರೆ. ಆ ಪಾಪದಿಂದಲೇ ಹುಳದ ಸಂಸಾರ ಬೆಳೆಯುವುದು.

ಇಂಥ ಕರುಣೆಗೆಲ್ಲ ಉಡುಪಿ ಮಲ್ಲಿಗೆಯ ತವರು ಶಂಕರಪುರದಲ್ಲಿ ಪುರುಸೊತ್ತಿಲ್ಲ. ನಸುಕಿಗೇ ಕೊಯ್ದು, ಬಿಸಿಲೇರುವುದರೊಳಗೆ ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಮೊಗ್ಗು! ಅಲ್ಲಿನ ಎಷ್ಟೋ ಕ್ರೈಸ್ತ ಮನೆಗಳ ಅಂಗಳದ ಹೂವು ದೇವಸ್ಥಾನಕ್ಕೂ ಭೂತದ ಕೋಲಕ್ಕೂ ಹೋಗುತ್ತದೆ, ಮುಂಬಯಿಗೂ ಹೋಗುತ್ತದೆ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದ್ದು ಸಂತೋಷವೇ. ಆದರೆ ಅದನ್ನು ಕಟ್ಟುವ ಬೆರಳುಗಳಿಗೆ ಯಾವ ಮಾನ್ಯತೆ? ಮದುವೆಯ ದಿನಗಳಲ್ಲಿ ದರ ಏರಿದ್ದೇ ತಡ, “ಹೂವಿಗೆ ಇಷ್ಟಾ?” ಎಂಬ ರಾಗ ಶುರು. ಹಾಗೆ ಕೇಳುವವರ ಮುಂದೆ ಒಂದು ಬುಟ್ಟಿ ಮೊಗ್ಗು, ಒಂದಿಷ್ಟು ಬಾಳೆನಾರು ಇಟ್ಟು ಕೂರಿಸಬೇಕು. 200 ಮೊಗ್ಗು ದಾಟುವುದರೊಳಗೆ ಅವರೇ ದರ ಏರಿಸುತ್ತಾರೆ.