ನಾವು ಅಂದರೆ ಯಾರು?

ಪುಣೆಯ ಸದಾಶಿವ ಪೇಠೆಗೆ ಮೊದಲ ಸಲ ಬಂದವರು ಬೋರ್ಡು ಓದುತ್ತಲೇ ಅರ್ಧ ದಿನ ಕಳೆಯಬಹುದು. ‘ಮಧ್ಯಾಹ್ನ 1ರಿಂದ 4ರವರೆಗೆ ಅಂಗಡಿ ಮುಚ್ಚಿರುತ್ತದೆ’, ‘ಬೆಲ್ ಒಮ್ಮೆ ಒತ್ತಿದರೆ ಸಾಕು, ಒಳಗಿದ್ದವರಿಗೆ ನಡೆದು ಬರಲು ಸಮಯ ಬೇಕು’, ‘ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’. ಇವಕ್ಕೆ ‘ಪುಣೇರಿ ಪಾಟಿ’ ಎಂದೇ ಹೆಸರು. ಹಾಸನದಿಂದ ಬಂದ ನನಗೆ ಇದೆಲ್ಲ ಜಗಳದ ಹಾಗೆ ಕಂಡಿತ್ತು. ನಮ್ಮ ಕಡೆ ‘ಇಲ್ಲ’ ಅನ್ನಬೇಕಾದಾಗ ‘ನೋಡೋಣ’ ಅಂತೀವಿ; ಕೇಳಿದವರೂ ಅರ್ಥ ಮಾಡಿಕೊಳ್ಳುತ್ತಾರೆ.

ನನ್ನ ಕೆಲಸ ದೂರದ ಹಿಂಜವಡಿಯಲ್ಲಿ. ಆದರೂ ಹೆಂಡತಿ ಪಾಠ ಮಾಡುವ ಕಾಲೇಜು ಹತ್ತಿರ ಅಂತ ಪೇಠೆಯ ಹಳೆಯ ಕಟ್ಟಡವೊಂದರಲ್ಲಿ ಬಾಡಿಗೆಗೆ ಮನೆ ಹಿಡಿದೆವು. ಎದುರು ಮನೆಯಲ್ಲಿ ಎಂಬತ್ತು ದಾಟಿದ ಆಜಿ ಒಬ್ಬರೇ ಇದ್ದರು. ನನ್ನ ಮರಾಠಿಯ ತಪ್ಪುಗಳನ್ನು ಮುಖಕ್ಕೆ ಹೇಳಿ ತಿದ್ದುವವರು.

ಅವರ ಯಜಮಾನರು ತೀರಿಕೊಂಡ ಎರಡನೇ ವರ್ಷ. ನಮಗೆ ಯುಗಾದಿ, ಅವರಿಗೆ ಅದೇ ದಿನ ಗುಡಿ ಪಾಡ್ವಾ. ಗುಡಿ ಕಟ್ಟಲು ಆ ಮನೆಯಲ್ಲಿ ಇನ್ನೊಂದು ಕೈ ಇರಲಿಲ್ಲ. ಹಬ್ಬದ ಹಿಂದಿನ ಸಂಜೆ ಬಾಗಿಲಲ್ಲಿ ನಿಂತು ಹೇಳಿದೆ: ‘ಆಜಿ, ಆಮ್ಹೀ ಉದ್ಯಾ ಸಾರಸಬಾಗೇತ್ ಜಾಣಾರ್ ಆಹೋತ್.’ ನಾಳೆ ನಾವೆಲ್ಲ ಸಾರಸಬಾಗಿನ ಗಣಪತಿಗೆ ಹೋಗೋಣ ಅಂತ ಕರೆದೆ ಎಂದೇ ನನ್ನ ಲೆಕ್ಕ.

ಆಜಿಯ ಮುಖ ಸಣ್ಣದಾಯಿತು. ‘ಮಗ್ ಜಾ. ಮಲಾ ಕಶಾಲಾ ಸಾಂಗ್ತೋಸ್?’ ಹಾಗಾದ್ರೆ ಹೋಗು, ನನಗ್ಯಾಕೆ ಹೇಳ್ತೀಯ?

ನೀವೂ ಬರಬೇಕು ಎಂದು ತಡವರಿಸಿದಾಗ ನಕ್ಕುಬಿಟ್ಟರು. ‘ಹಾಗಿದ್ರೆ ಆಪಣ್ ಅನ್ನು!’

ಮರಾಠಿಯಲ್ಲಿ ‘ನಾವು’ ಎರಡು. ಎದುರಿಗಿರುವವರನ್ನು ಬಿಟ್ಟರೆ ಆಮ್ಹೀ, ಸೇರಿಸಿಕೊಂಡರೆ ಆಪಣ್. ಚೆನ್ನೈ, ಹೈದರಾಬಾದಿನಲ್ಲಿರುವ ಗೆಳೆಯರಿಗೆ ಇದು ಹೊಸದಲ್ಲ: ತಮಿಳಿನಲ್ಲಿ ನಾಂಗಳ್ ಮತ್ತು ನಾಮ್, ತೆಲುಗಿನಲ್ಲಿ ಮೇಮು ಮತ್ತು ಮನಂ. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಅದರೊಳಗೆ ನಾನೂ ಇದ್ದೇನೋ ಇಲ್ಲವೋ ಎಂದು ಕೇಳುವವರೇ ಸಂದರ್ಭ ನೋಡಿ ತಿಳಿಯಬೇಕು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆಜಿಯ ಪ್ರಶ್ನೆ. ಅವರ ಜಾಗದಲ್ಲಿ ಊರಿನ ನಮ್ಮಜ್ಜಿ ಇದ್ದಿದ್ದರೆ ‘ಹೋಗ್ಬನ್ನಿ ಮಗ’ ಅಂತ ನಗುತ್ತಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ನೊಂದದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಊರಲ್ಲಿ ಹಾಗೆ ಎಷ್ಟು ಬಾಗಿಲು ಮುಚ್ಚಿಸಿ ಬಂದಿದ್ದೇನೋ!

ಮರುದಿನ ಆಟೋದಲ್ಲಿ ಆಜಿ ನಮ್ಮಿಬ್ಬರ ನಡುವೆ ಕೂತು ಒಬ್ಬಟ್ಟಿನ ಡಬ್ಬಿ ತೆರೆದರು. ‘ಬೆಲ್ಲ ಜಾಸ್ತಿಯಾಗಿದೆ’ ಅಂದರು. ಸಾರಸಬಾಗ್ ಬರುವಷ್ಟರಲ್ಲಿ ಎರಡು ತಿಂದಿದ್ದರು.