ನಾತಾಳದ ದಿನಗಳು ಮತ್ತು ನಮ್ಮ ಮಕ್ಕಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಮಿತಿಯ ತರುಣ ಮಿತ್ರರು ಮನೆಗೆ ಬಂದಿದ್ದರು. ನಾತಾಳದ ಕಾಲದಲ್ಲಿ ಮಕ್ಕಳು ತಂದೆ-ತಾಯಿಗಳಿಗೆ ಯಾವ ರೀತಿ ನೆರವಾಗಬಹುದು ಎಂಬ ವಿಷಯವನ್ನೂ ಅವರೇ ಸೂಚಿಸಿದರು. ಮಕ್ಕಳಿಗೆ ಬುದ್ಧಿ ಹೇಳುವುದು ನಿವೃತ್ತ ಮುಖ್ಯಾಧ್ಯಾಪಕನಿಗೆ ಕಷ್ಟದ ಕೆಲಸವೇ ಎಂದುಕೊಂಡು ಒಪ್ಪಿಕೊಂಡೆ. ಬರೆಯಲು ಕುಳಿತಾಗ, ಈ ವಿಷಯದಲ್ಲಿ ಬುದ್ಧಿ ಕಲಿತವನು ನಾನೇ ಎಂಬುದು ನೆನಪಾಯಿತು.

ಕಾಣಕೋಣದ ಕ್ರೈಸ್ತ ಬಂಧುಗಳ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಮಕ್ಕಳ ಕೈಗೂ ಕೆಲಸ. ಹಿಟ್ಟಿನ ಚಿಕ್ಕ ಉಂಡೆಯನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ ಕುಲ್‌ಕುಲ್ ತಯಾರಿಸುವುದು ಮಕ್ಕಳದೇ ಪಾಲು. ಬಿದಿರಿನ ಸೀಳಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಕಟ್ಟುವುದು, ಗೋದಲಿಗೆ ಹುಲ್ಲು ಹಾಸುವುದು, ತಿಂಡಿಯ ತಟ್ಟೆಯನ್ನು ನೆರೆಮನೆಗಳಿಗೆ ಮುಟ್ಟಿಸುವುದು, ಇವೆಲ್ಲವೂ ಅವರದೇ. ದೊದೋಲ್ ಕಾಯಿಸುವ ತಾಯಿಗೆ ಗಂಟೆಗಟ್ಟಲೆ ಸೌಟು ತಿರುವಿ ತೋಳು ಸೋತಾಗ ದೊಡ್ಡ ಮಗ ಸೌಟು ಹಿಡಿಯುತ್ತಾನೆ. ನನ್ನ ಮಕ್ಕಳೂ ನೆರೆಮನೆಯ ಬಾಯಿಯವರ ಜಗುಲಿಯಲ್ಲಿ ಕುಳಿತು ಕುಲ್‌ಕುಲ್ ಒತ್ತಿದವರೇ. ದೀಪಾವಳಿಗೆ ನಮ್ಮಿಂದ ಹೋದ ಕರ್ಜಿಕಾಯಿ ನಾತಾಳಕ್ಕೆ ನೆವ್ರಿಯಾಗಿ ಹಿಂದಿರುಗುತ್ತಿತ್ತು. ಎರಡೂ ಒಂದೇ ತಾಯಿಯ ಮಕ್ಕಳೆಂದು ನನ್ನ ಶ್ರೀಮತಿ ಹೇಳುತ್ತಿದ್ದಳು.

ಆದರೆ ನಮ್ಮ ಶಾಲೆಯ ಬಹುಪಾಲು ಮಕ್ಕಳ ಮನೆಯಲ್ಲಿ ನಾತಾಳ ಎಂದರೆ ಹಬ್ಬವಲ್ಲ, ‘ಸೀಜನ್’. ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಕುಟುಂಬಗಳವು. ಮಳೆಗಾಲ ಮುಗಿದ ಮೇಲೆ ಪಾಳೊಳೆ, ಆಗೊಂದ ಕಡಲತೀರಗಳಲ್ಲಿ ಪ್ರವಾಸಿಗರ ಗುಡಿಸಲುಗಳು ಏಳುತ್ತವೆ. ಮುಂದಿನ ಮಳೆಗೆ ಮುನ್ನ ಅವನ್ನು ಬಿಚ್ಚಿಡುತ್ತಾರೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದ ಬಳಿಕ ಬರುವವರಿಗೆ ಹಾದಿ ಇನ್ನೂ ಸುಗಮವಾಯಿತು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರದಲ್ಲಿ ಜನಸಂದಣಿ ಹೇಳತೀರದು. ಊರಿಗೆಲ್ಲ ರಜೆ ಇರುವ ಆ ದಿನಗಳಲ್ಲೇ ನಮ್ಮ ಮಕ್ಕಳ ತಾಯಂದಿರು ನಸುಕಿನಲ್ಲಿ ಹೊರಟು ರಾತ್ರಿ ಮನೆ ಸೇರುತ್ತಿದ್ದರು.

2001ರ ಡಿಸೆಂಬರ್. ಆರನೆಯ ಇಯತ್ತೆಯ ಒಬ್ಬ ಹುಡುಗಿ ವಾರದಲ್ಲಿ ಮೂರು ದಿನ ಗೈರುಹಾಜರು. ಬಂದ ದಿನವೂ ಪ್ರಾರ್ಥನೆ ಮುಗಿದ ಮೇಲೆ ಬರುವಳು. ಶಿಸ್ತಿನ ವಿಷಯದಲ್ಲಿ ನಾನು ಕಠಿಣನೆಂದು ಹೆಸರು ಪಡೆದವನು (ಹಳೆಯ ವಿದ್ಯಾರ್ಥಿಗಳು ಇಟ್ಟ ಇನ್ನೊಂದು ಹೆಸರೂ ನನಗೆ ಗೊತ್ತು). ಕಾರಣ ಕೇಳದೆಯೇ ಅವಳನ್ನು ಬಿಸಿಲಿನಲ್ಲಿ ನಿಲ್ಲಿಸಿದೆ. ಮರುದಿನ ಅವಳು ಬರಲೇ ಇಲ್ಲ. ಸಂಜೆ ವಿಚಾರಿಸುತ್ತ ಅವರ ತಗಡಿನ ಶೆಡ್ಡಿಗೆ ಹೋದೆ. ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಲೆಯ ಮುಂದೆ ನಿಂತಿದ್ದಳು.

“ಅವ್ವ ಚಾದರ ಒಗ್ಯಾಕ ಹೋಗ್ಯಾಳ್ರಿ ಸರ. ಇವನ್ನ ಹಿಡಕೊಳ್ಳವ್ರು ಯಾರೂ ಇಲ್ರಿ” ಎಂದಳು.

ಬಾಗಿಲ ಬದಿಯ ಗೋಡೆಯ ಮೇಲೆ ಇದ್ದಿಲಿನಿಂದ ಐದೈದರ ಗುಂಪಾಗಿ ಎಳೆದ ಗೆರೆಗಳಿದ್ದವು. ಏನೆಂದು ಕೇಳಿದೆ. ತಾಯಿಗೆ ಒಗೆದ ಚಾದರದ ಎಣಿಕೆಯ ಮೇಲೆ ಕೂಲಿ. ಆಕೆಗೆ ಓದುಬರಹ ಬಾರದು. ರಾತ್ರಿ ಬಂದು ಬಾಯಿಯಲ್ಲಿ ಹೇಳಿದ್ದನ್ನು ಮಗಳು ಗೋಡೆಯ ಮೇಲೆ ಗುರುತು ಹಾಕುತ್ತಿದ್ದಳು. ಹಿಂದಿನ ವಾರ ಕೈಗೆ ಬಂದ ಹಣ ಆ ಗೆರೆಗಳಿಗಿಂತ ಕಡಿಮೆಯಿತ್ತಂತೆ. ಮಗಳು ಹೋಗಿ ಲೆಕ್ಕ ಒಪ್ಪಿಸಿ ಬಾಕಿಯನ್ನು ತಂದಿದ್ದಳು.

“ಐದರ ಮಗ್ಗಿ ಕಲಿಸಿದವ್ರು ನೀವ ಅಲ್ರಿ” ಎಂದು ನಕ್ಕಳು.

ಹಿಂದಿನ ದಿನ ಬಿಸಿಲಿನಲ್ಲಿ ನಿಲ್ಲಿಸಿದ್ದನ್ನು ಅವಳು ಎತ್ತಲಿಲ್ಲ. ನನಗೆ ಅಲ್ಲಿ ಕುಳಿತು ಚಹಾ ಕುಡಿಯುವುದೂ ಕಷ್ಟವಾಯಿತು.

ಮರುವಾರದಿಂದ ಅವಳು ತಮ್ಮನನ್ನು ಎತ್ತಿಕೊಂಡೇ ಶಾಲೆಗೆ ಬಂದಳು. ಕೂಸು ತರಗತಿಯಲ್ಲಿ ಅತ್ತಿತು, ಒಮ್ಮೆ ಹಾಜರಿ ಪುಸ್ತಕವನ್ನೂ ಒದ್ದೆ ಮಾಡಿತು. ತಪಾಸಣೆಗೆ ಬಂದವರೊಬ್ಬರು ಇದು ಶಾಲೆಯೋ ಬಾಲವಾಡಿಯೋ ಎಂದು ಕೇಳಿದರು. ಎರಡೂ ಹೌದು ಎಂದೆ. ಮುಂದಿನ ವರ್ಷದಿಂದ ಡಿಸೆಂಬರ್ ತಿಂಗಳಲ್ಲಿ ತಾಯಂದಿರೇ ಸರದಿಯ ಮೇಲೆ ಒಬ್ಬೊಬ್ಬರು ಕೆಲಸ ಬಿಟ್ಟು ಶಾಲೆಯ ಪಡಸಾಲೆಯಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡಾಯಿತು. ಗಣಿತದ ತಾಸಿನಲ್ಲಿ ಚಾದರ, ಮೀನಿನ ಬುಟ್ಟಿ, ಇಟ್ಟಿಗೆಗಳ ಲೆಕ್ಕಗಳನ್ನೇ ಹಾಕತೊಡಗಿದೆ.

ಇದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅಪ್ರಾಮಾಣಿಕತೆಯಾದೀತು. ಅದಕ್ಕೂ ಎರಡು ವರ್ಷ ಮೊದಲು ಏಳನೆಯ ಇಯತ್ತೆಯ ಹುಡುಗನೊಬ್ಬ, ಅಪ್ಪನಿಗೆ ಬೆನ್ನುನೋವು, ನಾತಾಳ ಮುಗಿಯುವವರೆಗೆ ಒಂದು ಉಪಾಹಾರಗೃಹದಲ್ಲಿ ತಟ್ಟೆ ತೊಳೆಯುತ್ತೇನೆಂದು ರಜೆ ಕೇಳಿದ್ದ. ತಂದೆ-ತಾಯಿಗಳಿಗೆ ನೆರವಾಗುವುದು ಒಳ್ಳೆಯ ಗುಣವೆಂದು ಬೆನ್ನು ತಟ್ಟಿ ಕಳುಹಿಸಿದೆ. ಜನವರಿ ಕಳೆಯಿತು, ಶಿವರಾತ್ರಿ ಕಳೆಯಿತು, ಅವನು ಮರಳಲಿಲ್ಲ. ನಾನೇ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದೆ. ಮನೆಯ ಕೂಸನ್ನು ಹಿಡಿದವಳಿಗೆ ಶಿಕ್ಷೆ, ಪರರ ತಟ್ಟೆ ತೊಳೆಯಲು ಹೊರಟವನಿಗೆ ಶಾಬಾಸ್ ಎಂಬುದು ಅಂದಿನ ನನ್ನ ವಿವೇಕವಾಗಿತ್ತು.

ಈಗ ಕಾನೂನು ಸ್ಪಷ್ಟವಾಗಿದೆ. ಗೋವೆಯಲ್ಲಿ 2003ರಲ್ಲಿ ಮಕ್ಕಳ ಕಾಯಿದೆ ಬಂತು, 2009ರಲ್ಲಿ ಶಿಕ್ಷಣ ಹಕ್ಕಿನ ಕಾಯಿದೆ. 2016ರ ತಿದ್ದುಪಡಿಯಂತೆ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಹಚ್ಚುವಂತಿಲ್ಲ. ಅಪಾಯವಿಲ್ಲದ ಮನೆಗೆಲಸ, ಮನೆತನದ ಕಸುಬಿಗೆ ಮಾತ್ರ ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಕೈ ಹಚ್ಚಬಹುದು.

ಸಮಿತಿಯವರು ಕೇಳಿದ ಪ್ರಶ್ನೆಗೆ ಇಷ್ಟು ಹೇಳುತ್ತೇನೆ. ಮಕ್ಕಳೇ, ಈ ನಾತಾಳದಲ್ಲಿ ರಾತ್ರಿ ಅವ್ವ-ಅಪ್ಪ ಬಂದಾಗ ಅವರಿಗೆ ಬಿಸಿನೀರು ಕಾಯಿಸಿಡಿರಿ. ಒಂದು ನೋಟುಪುಸ್ತಕದಲ್ಲಿ ಆ ದಿನದ ದಿನಾಂಕ, ಮಾಡಿದ ಕೆಲಸ, ಬಂದ ಹಣ ಬರೆಯಿರಿ. ಕೂಲಿ ಬ್ಯಾಂಕಿಗೆ ಜಮೆಯಾಗುವುದಾದರೆ ಮೊಬೈಲಿಗೆ ಬಂದ ಸಂದೇಶವನ್ನು ಅವರಿಗೆ ಓದಿ ಹೇಳಿರಿ. ಬೆಳಗಾದರೆ ಶಾಲೆಗೆ ಬನ್ನಿರಿ, ಕೂಸಿದ್ದರೆ ಕೂಸನ್ನೂ ಕರೆತನ್ನಿರಿ.

ಆ ಹುಡುಗಿ ಈಗ ಕಾರವಾರದಲ್ಲಿ ಸಂಸಾರ ಹೂಡಿದ್ದಾಳೆ. ಗೌರಿ ಹಬ್ಬಕ್ಕೆ ದೂರವಾಣಿ ಮಾಡುತ್ತಾಳೆ. ತಟ್ಟೆ ತೊಳೆಯಲು ಹೋದ ಹುಡುಗ ಯಾರೆಂದು ಅವನ ಸಹಪಾಠಿಗಳಿಗೆ ತಿಳಿಯದಿರದು. ಅವನ ಈಗಿನ ವಿಳಾಸ ಬಲ್ಲವರು ದಯವಿಟ್ಟು ನನಗೊಂದು ಕಾರ್ಡು ಬರೆದು ತಿಳಿಸಬೇಕಾಗಿ ವಿನಂತಿ.