ಕೋಡ್ಲಾದ ಕ್ಲಾರಿಯೋನೆಟ್

ವಾಡಿ ಜಂಕ್ಷನ್ನಿನಿಂದ ಹೊರಟು, ಚಿತ್ತಾಪುರವನ್ನು ಹಾಯ್ದು ಸೇಡಂನಲ್ಲಿಳಿದು ಕೋಡ್ಲಾ ಸೇರುವಷ್ಟರಲ್ಲಿ ಬಿಸಿಲೇರಿತ್ತು. ಇದು ಫರಸಿಕಲ್ಲಿನ ಸೀಮೆ. ಕ್ಲಾರಿಯೋನೆಟ್ಟೂ ಇಲ್ಲಿಗೆ ಹೊಸದಲ್ಲ. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಅದರಲ್ಲಿ ಹಿಂದುಸ್ತಾನಿ ರಾಗಗಳನ್ನೇ ನುಡಿಸಿ ಹೆಸರಾದರು.

ಮದುವೆಯ ಬ್ಯಾಂಡಿನ ಹಿರಿಯರೊಬ್ಬರು ಹಳೆಯ ವಾದ್ಯವೊಂದನ್ನು ನನ್ನ ಕೈಗಿತ್ತರು. "ಈ ಹೆಸರು ಯಾರಿಗೂ ಗೊತ್ತಿಲ್ರೀ. ಮಗ ಇದನ್ನ ಮಾರತೀನಂತಾನ. ನೀವ ನೋಡಿ ಹೇಳ್ರಿ."

ಹೆಸರನ್ನು ನಂಬಿ ಫಲವಿಲ್ಲ. ಹಿಂದೆ ಯೂರೋಪಿನ ಕಾರ್ಖಾನೆಗಳು ತಮ್ಮ ವಾದ್ಯಗಳಿಗೆ ಅಂಗಡಿಯವರ ಮುದ್ರೆಯನ್ನೊತ್ತಿ ಕಳುಹಿಸುತ್ತಿದ್ದವು. ಒಂದೇ ಕಾರ್ಖಾನೆಯ ಮಾಲಿಗೆ ಹಲವು ಹೆಸರು. ಆದುದರಿಂದ ಮುದ್ರೆಯನ್ನು ಬಿಟ್ಟು ಮೈಯನ್ನು ನೋಡಿದೆ. ಅಪ್ಪಟ ಮರ, ಹಳೆಯ ಎಬೊನೈಟ್ ಆಗಿದ್ದರೆ ಬಿಸಿಲಿಗೆ ಹಸಿರುಗಂದಾಗಿರುತ್ತಿತ್ತು. ಮೇಲ್ತುಂಡಿನಲ್ಲಿ ಬಿರುಕಿಲ್ಲ. ಈ ಒಣ ಸೆಕೆಯಲ್ಲಿ ಅದು ಸಣ್ಣ ಮಾತಲ್ಲ! ಕೀ ಒಂದು ಎಂದೋ ಬಾಗಿ, ಮತ್ತೆ ನೆಟ್ಟಗಾಗಿತ್ತು. ಅಗ್ಗದ ಎರಕದ್ದಾದರೆ ಮುರಿದೇ ಹೋಗುತ್ತಿತ್ತು. ಕೆಳತುಂಡಿನ ತೂತುಗಳನ್ನೂ ಕೀಗಳನ್ನೂ ಒತ್ತಿಹಿಡಿದು, ತಳವನ್ನು ಮುಚ್ಚಿ ಉಸಿರೆಳೆದೆ. ಗಾಳಿ ಸೋರಿತು. ಪ್ಯಾಡುಗಳು ಸವೆದಿದ್ದವು, ಅವನ್ನು ಬದಲಾಯಿಸಬಹುದು.

ನನಗಿದ್ದ ಅಂಜಿಕೆ ಶ್ರುತಿಯದು. ಹಳೆಯ ಮಿಲಿಟರಿ ಬ್ಯಾಂಡುಗಳ 'ಎಚ್.ಪಿ.' ಮುದ್ರೆಯ ವಾದ್ಯಗಳಲ್ಲಿ 'ಎ' ಸ್ವರಕ್ಕೆ ಸೆಕೆಂಡಿಗೆ ಸುಮಾರು 452 ಕಂಪನಗಳು. ಇಂದಿನ ರೂಢಿ 440. ಅಂಥದು ಎಷ್ಟೇ ಚೆಲುವಾಗಿದ್ದರೂ ಮೇಳದಲ್ಲಿ ಕೂಡದು, ಅದಕ್ಕೆ ಮದ್ದೂ ಇಲ್ಲ. ಭಜನೆಯ ಹಾರ್ಮೋನಿಯಮ್ ತರಿಸಿದೆವು. ಕೆಳಗಿನ ಸ್ವರಗಳು ತೊದಲಿದವು. ಮೇಲಿನವು ಹಾರ್ಮೋನಿಯಮ್ಮಿನೊಡನೆ ಬೆರೆತುಹೋದವು.

ಅಲ್ಲಿಯವರೆಗೆ ಬಾಗಿಲಿಗೊರಗಿ ನಿಂತಿದ್ದ ಮಗ ಹತ್ತಿರ ಬಂದ. "ಪ್ಯಾಡು ಎಲ್ಲಿ ಸಿಗತಾವ್ರೀ?"